ಉಪವಾಸದ ಮೂರು ತಟ್ಟೆ

ಒಂದು ಜೀವಕ್ಕೆ ಊಟ ಹಾಕಿ ಎಂದು ಕೈಮುಗಿದು ಕೇಳಿದರೂ ಯಾರೂ ತಿರುಗಿ ನೋಡುವುದಿಲ್ಲ. ಹಾಕಬೇಡಿ ಎಂದು ಹೇಳಿ ನೋಡಿ, ದಾನಶೂರರೆಲ್ಲ ಸಾಲುಗಟ್ಟಿ ಬರುತ್ತಾರೆ.

ಟೆಂಪರರಿಗೆ ಆ ದಿನ ವಕ್ಕರಿಸಿದ ಗ್ರಹಚಾರ ಇದೇ. ಟೆಂಪರರಿ ಎಂಬುದು ಅವನ ಹೆಸರಲ್ಲ. ಪ್ರಯೋಗಾಲಯಕ್ಕೆ ತಾತ್ಕಾಲಿಕ ಸಹಾಯಕನಾಗಿ ಬಂದು ಎಂಟು ವರ್ಷವಾಗಿತ್ತು. ಹೆಸರು ಎಲ್ಲರಿಗೂ ಮರೆತುಹೋಗಿ ಹುದ್ದೆಯೇ ಹೆಸರಾಗಿತ್ತು. ಅವನ ಬಾಳಿನಲ್ಲಿ ಖಾಯಂ ಆದದ್ದು ಆ ಅಡ್ಡಹೆಸರೊಂದೇ.

ಬೆಳಿಗ್ಗೆ ಲ್ಯಾಬಿನ ಮೇಡಂ ಅವನನ್ನು ಕರೆದು ಇನ್‌ಕ್ಯುಬೇಟರಿನ ಬಾಗಿಲು ತೆರೆದರು. ಆ ಬೆಚ್ಚನೆಯ ಪೆಟ್ಟಿಗೆಯೊಳಗೆ ಮೂರು ಪುಟ್ಟ ತಟ್ಟೆ. ತಟ್ಟೆಯಲ್ಲಿ ಗುಲಾಬಿ ಬಣ್ಣದ ನೀರು, ನೀರಿನ ತಳದಲ್ಲಿ ಬರಿಗಣ್ಣಿಗೆ ಕಾಣದ ಜೀವಕೋಶಗಳು.

"ಇವಕ್ಕೆ ನಿನ್ನೆಯಿಂದ ಉಪವಾಸ," ಎಂದರು ಮೇಡಂ. "ಸೀರಮ್ಮೇ ಇವುಗಳ ಊಟ. ಅದು ಬಿದ್ರೆ ಜೀವಕೋಶದೊಳಗೆ ಸುದ್ದಿ ಹೋಗುತ್ತೆ, ಊಟ ಬಂತು, ಪ್ರೋಟೀನ್ ಮಾಡು, ಬೆಳಿ ಅಂತ. ಬೀಳದಿದ್ರೆ ಅಂಗಡಿ ಮುಚ್ಚಿ ಮಲಗುತ್ತೆ. ಸಂಜೆ ಸಮಿತಿಯವರ ಎದುರಿಗೆ ನಾನು ಬೆಳವಣಿಗೆಯ ಔಷಧ ಒಂದು ತೊಟ್ಟು ಬಿಟ್ಟು ಇವನ್ನ ಎಬ್ಬಿಸಿ ತೋರಿಸ್ಬೇಕು. ಎದ್ದವು ಪರದೆ ಮೇಲೆ ಹಸಿರಾಗಿ ಹೊಳೀತವೆ. ಅಲ್ಲೀತನಕ ಒಂದು ಹನಿ ಸೀರಮ್ ಬೀಳಕೂಡದು."

"ಬೀಳಲ್ಲ ಮೇಡಂ."

"ನಿನ್ನ ಖಾಯಂ ಫೈಲೂ ಅದೇ ಸಮಿತಿ ಮುಂದಿದೆ. ಇದು ಸರಿಹೋದ್ರೆ ನಿನ್ನ ಬಗ್ಗೆ ನಾನೇ ಬಾಯಿಬಿಟ್ಟು ಹೇಳ್ತೀನಿ."

ಎಂಟು ವರ್ಷ ಮುಚ್ಚಿದ್ದ ಬಾಯಿ! ಟೆಂಪರರಿ ನೆಲಕ್ಕೆ ಕಾಲು ತಾಗದವನಂತೆ ಬಾಟಲಿ ತೊಳೆಯಲು ಹೋದ. ತೊಳೆದು ಬರುವಷ್ಟರಲ್ಲಿ ಎದುರು ಲ್ಯಾಬಿನ ಅಕ್ಕ ಇನ್‌ಕ್ಯುಬೇಟರಿನ ಬಾಗಿಲು ಮುಚ್ಚುತ್ತಿದ್ದಳು.

"ಬಂದ್ಯಾ? ನಿನ್ನ ತಟ್ಟೆ ತೆಗೆದು ಮೈಕ್ರೋಸ್ಕೋಪಲ್ಲಿ ನೋಡಿದೆ ಕಣೋ. ಪಾಪ, ಒಣದ್ರಾಕ್ಷಿ ಹಾಗೆ ಸೊರಗಿದ್ವು. ಮರೆತಿದ್ದೀಯ ಅಂತ ಒಂದಕ್ಕೆ ಸೀರಮ್ ಹಾಕ್ದೆ. ಇನ್ನೆರಡಕ್ಕೂ ಹಾಕ್ತಿದ್ದೆ, ಬಾಟ್ಲಿ ಖಾಲಿ ಆಗೋಯ್ತು."

"ಅಕ್ಕಾ! ಬೇಕಂತಲೇ ಉಪವಾಸ ಇಟ್ಟಿದ್ವಲ್ಲಾ!"

"ಉಪಕಾರ ಮಾಡಿದ್ರೆ ಮೈಮೇಲೆ ಬರ್ತೀಯಲ್ಲೋ! ಒಳ್ಳೇದಕ್ಕೆ ಕಾಲವಲ್ಲ ಬಿಡು," ಎಂದು ಅಕ್ಕ ಮುಖ ಊದಿಸಿಕೊಂಡು ಹೋದಳು.

ಯಾರಾದರೂ ಮರೆತರೆ ಪಕ್ಕದವರು ಊಟ ಹಾಕುವುದು ಆ ಕಟ್ಟಡದ ರೂಢಿಯೇನೋ ಹೌದು. ಆದರೆ ಅವನು ನಿಜವಾಗಿ ಮರೆತ ದಿನ ಈ ಅಕ್ಕನ ಕರುಣೆ ಎಲ್ಲಿ ಹಾಳಾಗಿ ಹೋಗಿತ್ತು?

ಅವನು ದೊಡ್ಡ ಅಕ್ಷರದಲ್ಲಿ 'ದಯವಿಟ್ಟು ಊಟ ಹಾಕಬೇಡಿ' ಎಂದು ಬರೆದು ಬಾಗಿಲ ಮೇಲೆ ಅಂಟಿಸಿದ. ಗೋಂದು ಆರುವ ಮೊದಲೇ ಸ್ಟೋರಿನ ಅಣ್ಣ ಹೊಸ ಬಾಟಲಿ ಹಿಡಿದು ಬಿರುಗಾಳಿಯಂತೆ ನುಗ್ಗಿದ.

"ಏನಯ್ಯಾ, ನನ್ನ ಸ್ಟೋರಿನ ಸೀರಮ್ ಕೆಟ್ಟಿದೆ ಅಂತ ಬೋರ್ಡ್ ಹಾಕಿದ್ದೀಯಂತೆ? ಅದೂ ಸಮಿತಿ ಬರೋ ದಿನ?"

"ಹಾಗೆಲ್ಲಿ ಬರೆದಿದ್ದೀನಿ ಅಣ್ಣಾ?"

"ಕೆಟ್ಟಿಲ್ಲ ಅಂದ್ರೆ ಯಾಕೆ ಹಾಕಬಾರದು? ಮೂವತ್ತು ವರ್ಷದಿಂದ ಸ್ಟೋರು ನೋಡ್ಕೊಂಡಿದ್ದೀನಿ, ಇಂಥ ಮಾತು ಕೇಳಿಲ್ಲ. ನೋಡು, ಇವತ್ತಿನ ಮಾಲು!" ಎನ್ನುತ್ತ ಅಣ್ಣ ಕೈಗೆ ಸಿಕ್ಕ ಎರಡನೇ ತಟ್ಟೆಗೆ ಸುರಿದೇಬಿಟ್ಟ. "ಸಂಜೆ ನೋಡು, ಹೇಗೆ ಕೊಬ್ಬಿರ್ತವೆ!"

"ಬೋರ್ಡ್ ಓದೋಕೆ ಬರಲ್ವಾ ಅಣ್ಣಾ!" ಎಂದು ಟೆಂಪರರಿ ರೇಗಿದ. ಉಳಿದದ್ದು ಒಂದೇ ತಟ್ಟೆ. ಟೆಂಪರರಿ ಸ್ಟೂಲು ಎಳೆದು ಇನ್‌ಕ್ಯುಬೇಟರಿನ ಬಾಗಿಲಿಗೆ ಬೆನ್ನು ಕೊಟ್ಟು, ನಿಧಿ ಕಾಯುವ ಸರ್ಪದಂತೆ ಕೂತ. ಊಟದ ಹೊತ್ತಾಯಿತು. ಡಬ್ಬಿ ಇದ್ದದ್ದು ಕೆಳಗಿನ ಕೋಣೆಯಲ್ಲಿ. ಲ್ಯಾಬಿನೊಳಗೆ ತಿನ್ನುವಂತಿಲ್ಲ, ಎದ್ದು ಹೋಗೋಣವೆಂದರೆ ದಾನಿಗಳು ಕಾದಿದ್ದಾರೆ. ಹೆಂಡತಿಯ ಫೋನ್ ಬಂತು.

"ರೀ, ಊಟ ಆಯ್ತಾ?"

"ತಟ್ಟೆಯವರದ್ದು ಆಯ್ತು. ನಂದಿಲ್ಲ."

"ಎಂಟು ವರ್ಷದಿಂದ ಇದೇ ಕತೆ. ಇವತ್ತಾದ್ರೂ ಖಾಯಂ ಮಾಡ್ತಾರಾ?"

"ಮೇಡಂ ಬಾಯಿ ಬಿಡ್ತಾರಂತೆ."

ಮಧ್ಯಾಹ್ನ ಕಳೆಯುತ್ತಿದ್ದಂತೆ ಅಕ್ಕನೂ ಅಣ್ಣನೂ ಬಾಯಿ ಒರೆಸಿಕೊಳ್ಳುತ್ತ ಬಂದರು.

"ನೀನು ಏಳೋ ಹಾಗೆ ಕಾಣ್ಲಿಲ್ಲ," ಎಂದಳು ಅಕ್ಕ. "ಸುಮ್ನೆ ಹಳಸಿಹೋಗುತ್ತಲ್ಲ ಅಂತ ನಿನ್ನ ಡಬ್ಬಿ ನಾವೇ ಮುಗಿಸಿದ್ವಿ."

"ನಿನ್ನ ಹೆಂಡ್ತಿಗೆ ಹೇಳು," ಎಂದ ಅಣ್ಣ. "ಉಪ್ಪು ಒಂಚೂರು ಕಡಿಮೆ."

ಟೆಂಪರರಿಯ ಕಣ್ಣಲ್ಲಿ ನೀರು ಬಂತು. ಹಸಿವಿಗಲ್ಲ, ಸಿಟ್ಟಿಗೆ. ಬೇಡವೆಂದ ಬಾಯಿಗೆ ತುರುಕಿದವರೇ ಬೇಕೆನ್ನುವ ಬಾಯಿಂದ ಕಿತ್ತುಕೊಂಡರೆ ಯಾರಿಗೆ ದೂರುವುದು?

ಸಂಜೆ ಸಮಿತಿ ಬಂತು. ಎರಡು ತಟ್ಟೆ ಕೆಟ್ಟವೆಂದು ಟೆಂಪರರಿ ಪಿಸುಗುಟ್ಟಿದಾಗ ಮೇಡಂ ಹಲ್ಲು ಕಚ್ಚಿ, "ಇರಲಿ, ಹೋಲಿಸಿ ನೋಡೋಕಾಗುತ್ತೆ," ಎಂದರು. ಮೊದಲ ತಟ್ಟೆ ಪರದೆಯ ಮೇಲೆ ಬಂತು: ಹಚ್ಚಹಸಿರು. ಎರಡನೆಯದೂ ಹಸಿರು. ಮೂರನೆಯದು ಔಷಧದ ತೊಟ್ಟು ಬೀಳುವ ಮೊದಲೇ ಅಷ್ಟೇ ಹಸಿರಾಗಿ ಹೊಳೆಯಿತು.

ಸಮಿತಿಯ ಹಿರಿಯರು ಕನ್ನಡಕ ಏರಿಸಿದರು. "ಇದು ಉಪವಾಸ ಅಂದ್ರಲ್ಲಾ?"

ಎಲ್ಲರ ಕಣ್ಣೂ ಟೆಂಪರರಿಯ ಮೇಲೆ ಬಿತ್ತು.

"ನಾನು ಹಾಕಿಲ್ಲ ಸಾರ್!" ಅವನು ಕಿರುಚಿಯೇಬಿಟ್ಟ. "ಯಾರನ್ನೂ ಹಾಕೋಕೆ ಬಿಟ್ಟಿಲ್ಲ. ಬಾಗಿಲು ಬಿಟ್ಟು ಏಳಲಿಲ್ಲ. ಊಟಕ್ಕೂ ಹೋಗಿಲ್ಲ. ಬೇಕಾದ್ರೆ ನನ್ನ ಡಬ್ಬಿ ತಿಂದವರನ್ನೇ ಕೇಳಿ!"

ಅಣ್ಣನೂ ಅಕ್ಕನೂ ತಲೆಯಾಡಿಸಿ ಸಾಕ್ಷಿ ಹೇಳಿದರು. ಮೇಡಂ ಪರದೆಯನ್ನೇ ನೋಡುತ್ತ ನಿಂತವರು ಒಮ್ಮೆಲೇ ಚಪ್ಪಾಳೆ ತಟ್ಟಿದರು.

"ಹಾಗಾದ್ರೆ ಇವುಗಳ ಬೆಳೆಯೋ ಸ್ವಿಚ್ಚೇ ಕೆಟ್ಟು ಆನ್ ಆಗಿ ಸಿಕ್ಕಿಕೊಂಡಿದೆ ಸಾರ್! ಊಟ ಹಾಕಿ, ಬಿಡಿ, ಪ್ರೋಟೀನ್ ಮಾಡ್ತಾನೇ ಇರ್ತವೆ. ಇದು ನಾನು ತೋರಿಸ್ಬೇಕಿದ್ದಕ್ಕಿಂತ ದೊಡ್ಡ ವಿಷಯ." ಆಮೇಲೆ, ಕೊಟ್ಟ ಮಾತಿನಂತೆ, ಬಾಯಿಬಿಟ್ಟರು. "ಇದೆಲ್ಲಾ ಇವನ ನಿಷ್ಠೆಯಿಂದ. ಎಂಟು ವರ್ಷದಿಂದ ಖಾಯಂ ಇಲ್ಲ, ರಜೆ ಇಲ್ಲ. ಆದ್ರೂ ದುಡಿಮೆಯಲ್ಲಿ ಎಳ್ಳಷ್ಟೂ ಕಡಿಮೆ ಮಾಡಿಲ್ಲ ಸಾರ್."

ಹಿರಿಯರು ಹಸಿರು ಪರದೆಯನ್ನು ನೋಡಿದರು. ಟೆಂಪರರಿಯನ್ನು ನೋಡಿದರು. ಮುಂದಿದ್ದ ಫೈಲನ್ನು ನೋಡಿದರು. ಮೆಲ್ಲಗೆ ಅದನ್ನು ಮುಚ್ಚಿದರು.

"ಖಾಯಂ ಮಾಡದೇನೇ ಇಷ್ಟು ದುಡೀತಾನೆ ಅಂದ್ಮೇಲೆ ಮಾಡೋ ಅಗತ್ಯ ಏನಿದೆ?"

ಉಳಿದವರು ವಿಜ್ಞಾನದ ಉಪಯೋಗಕ್ಕೆ ಬೆರಗಾಗಿ ತಲೆದೂಗಿದರು.

ಟೆಂಪರರಿಯ ಗಂಟಲಿಂದ ಒಂದೇ ಪ್ರಶ್ನೆ ಹೊರಟಿತು. "ಮೇಡಂ, ಊಟ ಇಲ್ದೆ ದುಡಿಯೋ ಈ ಜೀವಕೋಶಗಳು ಕೊನೆಗೆ ಏನಾಗ್ತವೆ?"

"ಸತ್ತುಹೋಗ್ತವೆ," ಎಂದರು ಮೇಡಂ ಉತ್ಸಾಹದಿಂದ. "ಅಷ್ಟರಲ್ಲಿ ನಮ್ಮ ಕೆಲಸ ಆಗಿರುತ್ತೆ ಬಿಡು."

ಅವನು ಹೋಗಿ ಇನ್‌ಕ್ಯುಬೇಟರಿನ ಮುಂದಿನ ಸ್ಟೂಲಿನ ಮೇಲೆ ಕುಸಿದ. ಸಮಿತಿಗೆ ತರಿಸಿದ್ದ ಬಿಸ್ಕತ್ತು ಮಿಕ್ಕಿತ್ತು; ಸ್ಟೋರಿನ ಅಣ್ಣ ತಟ್ಟೆ ಹಿಡಿದು ಎಲ್ಲರಿಗೂ ಹಂಚುತ್ತ ಬಂದ. ಟೆಂಪರರಿ ಕೈಚಾಚಿದ. ಅಣ್ಣನ ಕಣ್ಣು ಅವನ ತಲೆಯ ಮೇಲ್ಗಡೆ ಬಾಗಿಲಿಗೆ ಅಂಟಿದ್ದ ಕಾಗದದ ಕಡೆ ಹೋಯಿತು. ತಟ್ಟೆ ಹಿಂದಕ್ಕೆ ಸರಿಯಿತು.

"ಬೇಡಪ್ಪಾ, ಬೋರ್ಡ್ ಮೀರಿ ಒಂದ್ಸಲ ಹಾಕಿ ನಿನ್ನಿಂದ ಬೈಸ್ಕೊಂಡಿದ್ದು ಸಾಕು," ಎನ್ನುತ್ತ ಅಣ್ಣ ಮುಂದಕ್ಕೆ ನಡೆದ.