ಜಾಗ ಕೊಡುವ ಗೋಡೆ

"ಸ್ವಲ್ಪ ಅಡ್ಜಸ್ಟ್ ಮಾಡಿ!"

ವಿರೂಪಾಕ್ಷಯ್ಯ ಚಾವಣಿಗೆ ತೂಗುಹಾಕಿದ್ದ ಮೈಕಿನ ಕಡೆ ಮುಖವೆತ್ತಿ ಕೂಗಿದರು. ಕಿರ್ರ್! ನಡುಮನೆಯ ಗೋಡೆ ಒಂದು ಗೇಣು ಹಿಂದಕ್ಕೆ ಸರಿಯಿತು. ಎರಡು ದಿನಕ್ಕೆಂದು ಬಂದು ಎಂಟು ದಿನವಾದರೂ ಹೊರಡದ ಅವರ ತಂಗಿ ಶಿವಗಂಗೆ, ಸೋಫಾದಲ್ಲಿ ಕಾಲು ಚಾಚಿ ಚಪ್ಪಾಳೆ ತಟ್ಟಿದಳು.

"ನೋಡಿದ್ಯಾ! ಹಳಿ ಮೇಲೆ ಓಡೋ ಪ್ಲೈವುಡ್ ಗೋಡೆ! ಕೆಳಗೆ ಮೋಟಾರು, ಮೇಲೆ ಬುದ್ಧಿ! ಇನ್ನು ಇಡೀ ತಿಪಟೂರಲ್ಲಿ ಜಾಗ ಸಾಲ್ದು ಅನ್ನೋ ಮಾತೇ ಇಲ್ಲ!" ಐಟಿಐನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ವಿರೂಪಾಕ್ಷಯ್ಯ ಮೀಸೆ ತಿರುವಿದರು.

ಅವರ ಹೆಂಡತಿ ಸರ್ವಮಂಗಳಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. "ಆ ಗೇಣು ಜಾಗ ಎಲ್ಲಿಂದ ಬಂತು ರೀ?"

"ವಿಜ್ಞಾನದಿಂದ!"

ವಿಜ್ಞಾನದ ಮನೆ ಹಾಳಾಗ! ಅದು ಬಂದದ್ದು ಗೋಡೆಯ ಆಚೆಗಿದ್ದ ಸರ್ವಮಂಗಳಮ್ಮನ ಕೋಣೆಯಿಂದ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಲೆ ಹಟ ಹಿಡಿದು ಪಡೆದ ಹತ್ತಡಿ ಕೋಣೆ ಅದು. ಹುಟ್ಟಿದಂದಿನಿಂದ 'ಇದು ನನ್ನದು' ಎಂದು ಬಾಗಿಲು ಹಾಕಿಕೊಂಡ ಮೊದಲ ಕೋಣೆ. ಒಂದು ಕರಿಹಲಗೆ, ಆರು ಕುರ್ಚಿ. ದಿನಾ ಮಧ್ಯಾಹ್ನ ಮೂರಕ್ಕೆ ಬೀದಿಯ ಆರು ಹೆಂಗಸರು ಅಲ್ಲಿಗೆ ಇಂಗ್ಲಿಷ್ ಕಲಿಯಲು ಬರುತ್ತಿದ್ದರು.

ಅವತ್ತು ಸಂಜೆ ಟೀವಿ ಧಾರಾವಾಹಿಯ ಅತ್ತೆ ತನ್ನ ಸೊಸೆಗೆ "ಹೆಣ್ಣಾದವಳು ಅಡ್ಜಸ್ಟ್ ಮಾಡ್ಕೋಬೇಕಮ್ಮ" ಎಂದು ನಾಲ್ಕು ಸಲ ಬುದ್ಧಿ ಹೇಳಿದಳು. ಕಿರ್ರ್, ಕಿರ್ರ್, ಕಿರ್ರ್, ಕಿರ್ರ್! ಬೆಳಗ್ಗೆ ಹಾಲಿನವನು ಬಂದು, "ಇವತ್ತು ಸ್ವಲ್ಪ ತೆಳ್ಳಗಿದೆ, ಅಡ್ಜಸ್ಟ್ ಮಾಡ್ಕಳಿ ಅಮ್ಮಾವ್ರೇ" ಎಂದ. ಇನ್ನೊಂದು ಗೇಣು ಹೋಯಿತು.

ಸರ್ವಮಂಗಳಮ್ಮ ಗಂಡನ ವರ್ಕ್‌ಶಾಪಿಗೆ ನುಗ್ಗಿದರು. "ಯಾರು ಬಾಯಿ ಬಿಟ್ರೂ ನನ್ನ ಕೋಣೇನೇ ಯಾಕ್ರೀ ಕಿರಿದಾಗ್ಬೇಕು? ಈ ವರ್ಕ್‌ಶಾಪ್ ಗೋಡೆಗೂ ಹಳಿ ಇದೆಯಲ್ಲ?"

"ನಾನೇನೂ ಹೇಳ್ಕೊಟ್ಟಿಲ್ಲ ಕಣೇ! ಒಂದು ತಿಂಗಳು ಮನೆ ಮಾತೆಲ್ಲ ಅದಕ್ಕೆ ಕೇಳಿಸಿದೆ, ಅಷ್ಟೆ. ಯಾರ ಹತ್ರ ಜಾಗ ತಗೊಂಡ್ರೆ ಜಗಳ ಆಗಲ್ಲ ಅಂತ ಅದೇ ಕಲ್ತುಕೊಂಡಿದೆ!"

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುವುದನ್ನು ಈ ಮನೆಯವರು ಕಲಿಯಲು ಮೂವತ್ತೈದು ವರ್ಷ ಬೇಕಾಗಿತ್ತು, ಯಂತ್ರಕ್ಕೆ ತಿಂಗಳು ಸಾಕಾಯಿತು.

"ಅದನ್ನ ಆಫ್ ಮಾಡಿ."

"ಅಯ್ಯೋ, ಶುಕ್ರವಾರ ವಸ್ತುಪ್ರದರ್ಶನದ ತೀರ್ಪುಗಾರರು ಬರ್ತಾರೆ ಕಣೇ! ಅಲ್ಲೀವರೆಗೆ ಸ್ವಲ್ಪ ಅಡ್ಜಸ್ಟ್..."

ಕಿರ್ರ್!

ಮಧ್ಯಾಹ್ನ ಆರೂ ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತರು. ಸರ್ವಮಂಗಳಮ್ಮ ಸಿಟ್ಟಿನಲ್ಲಿ ಅದೇ ಪದವನ್ನು ಹಲಗೆಯ ಮೇಲೆ ಬರೆದು, ತುಟಿಯ ಮೇಲೆ ಬೆರಳಿಟ್ಟರು. "ಇದನ್ನ ಯಾರೂ ಬಾಯಲ್ಲಿ ಹೇಳ್ಬೇಡಿ. ಎಲ್ಲೆಲ್ಲಿ ಬಳಸ್ತೀರಿ, ಬರೀರಿ."

ಬರೆದರು ಪಾಪ. ಬಸ್ಸಿನಲ್ಲಿ ಅದಕ್ಕೆ ಸರಿದು ಕೂರು ಎಂದು ಅರ್ಥ. ಹೋಟೆಲಿನಲ್ಲಿ, ಸಾಂಬಾರು ನೀರಾಗಿದೆ, ಸುಮ್ಮನೆ ತಿನ್ನು. ದರ್ಜಿಯ ಅಂಗಡಿಯಲ್ಲಿ ರವಿಕೆ ಬಿಗಿ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡಿಗೆ ಕುಡಿತದ ಚಟ, ಸಹಿಸಿಕೋ. ಕೇಳುವ ಬಾಯಿ ಹತ್ತಾರು, ಕೊಡುವ ಜನ ಮಾತ್ರ ಎಲ್ಲಾ ಕಡೆ ಈ ಹೆಂಗಸರೇ. ನಿಘಂಟು ಬರೆದವರಿಗೆ ಇದು ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಆದರೆ ಆ ಪದವಿಲ್ಲದೆ ಎಷ್ಟು ಹೊತ್ತು ಇರಲಾದೀತು! ಮೂಲೆಮನೆಯ ಜಬೀನಾ ತಡೆಯಲಾರದೆ ಹೇಳಿಯೇಬಿಟ್ಟಳು. "ಮಿಸ್, ಮೈದುನನ ಮದುವೆ ಆಗೋ ತನಕ ಅಡುಗೆಮನೇಲಿ ಮಲ್ಕೊಂಡು ಅಡ್ಜಸ್ಟ್ ಮಾಡ್ಕೋ ಅಂದ್ರು. ಹನ್ನೊಂದು ವರ್ಷ ಆಯ್ತು, ಅವನಿಗಿನ್ನೂ ಹುಡುಗೀನೇ ಸಿಕ್ಕಿಲ್ಲ!"

ಕಿರ್ರ್! ಆಮೇಲೆ ಕಟ್ಟೆ ಒಡೆಯಿತು. ಒಬ್ಬಳು ಅತ್ತೆಯದು ಹೇಳಿದಳು, ಇನ್ನೊಬ್ಬಳು ಓರಗಿತ್ತಿಯದು. ಗೋಡೆ ಸರಿಯುತ್ತಲೇ ಇತ್ತು. ಹೆಂಗಸರು ಕುರ್ಚಿ ಎತ್ತಿಕೊಂಡು ಹೊರಗೆ ಓಡಿದರು. ಕೊನೆಗೆ ಕರಿಹಲಗೆ ಪಟ್ ಎಂದು ಎರಡು ಹೋಳಾಯಿತು, ಕೋಣೆ ಇಲ್ಲವಾಯಿತು.

"ಅದ್ಭುತ! ಒಂದು ಕಡೇನೂ ಸಿಕ್ಕಿಹಾಕ್ಕೊಳ್ಳಲಿಲ್ಲ!" ಎಂದರು ವಿರೂಪಾಕ್ಷಯ್ಯ. ಹೆಂಡತಿಯ ಮುಖವನ್ನು ಅವರು ನೋಡಲಿಲ್ಲ. ಸರ್ವಮಂಗಳಮ್ಮ ಹಲಗೆಯ ಹೋಳುಗಳನ್ನು ಹಿತ್ತಲಿಗೆ ಹೊತ್ತುಕೊಂಡು ಹೋಗಿ, ಒಬ್ಬರೇ ಕೂತು ಅತ್ತರು.

ಮಾರನೆಯ ದಿನ ಮೂರು ಗಂಟೆಗೆ ಅವರು ಆರೂ ಕುರ್ಚಿಗಳನ್ನು ನಡುಮನೆಯಲ್ಲಿ, ಟೀವಿಯ ಎದುರಿಗೇ ಹಾಕಿ, ಹಲಗೆಯ ಒಂದು ಹೋಳನ್ನು ಟೀವಿಗೆ ಒರಗಿಸಿ ಪಾಠ ಬರೆದರು. ನಡುಮನೆ ಈಗ ಕಲ್ಯಾಣಮಂಟಪದಷ್ಟಿತ್ತು.

"ಅತ್ತಿಗೆ, ನನ್ನ ಧಾರಾವಾಹಿ! ಕುರ್ಚಿ ತೆಗೀರಿ!" ಶಿವಗಂಗೆ ಕಿರುಚಿದಳು.

"ಆಗಲ್ಲ," ಎಂದರು ಸರ್ವಮಂಗಳಮ್ಮ.

ಮೈಕಿನ ಪಕ್ಕದ ಕೆಂಪು ದೀಪ ಪಿಳಿಪಿಳಿ ಎಂದಿತು. ತಿಂಗಳೆಲ್ಲ ಕೇಳಿಸಿಕೊಂಡಿದ್ದರೂ ಆ ದನಿಯಲ್ಲಿ ಈ ಮಾತನ್ನು ಅದು ಕೇಳಿಯೇ ಇರಲಿಲ್ಲ.

"ಅಣ್ಣಾ! ಅತ್ತಿಗೆಗೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಕೆ ಹೇಳು!"

ಯಂತ್ರ ಗುಂಯ್‌ಗುಟ್ಟಿತು. ಇನ್ನು ಯಾರ ಹತ್ತಿರ ತೆಗೆದುಕೊಳ್ಳಬೇಕು? ವರ್ಕ್‌ಶಾಪಿನ ಕಡೆ ತಿರುಗಿ, ಬೇಡವೆನ್ನುವವರಿದ್ದರೆ ಹೇಳಲಿ ಎಂದು ಮೂರು ಸಲ ಬೀಪ್ ಎಂದಿತು. ಒಳಗೆ ವಿರೂಪಾಕ್ಷಯ್ಯನವರ ಬಾಯಲ್ಲಿ ನಾಲ್ಕು ಸ್ಕ್ರೂಗಳಿದ್ದವು. ಅವನ್ನು ಉಗಿಯುವಷ್ಟರಲ್ಲಿ, ಕಿರ್ರ್! ವರ್ಕ್‌ಶಾಪಿನ ಗೋಡೆ ಒಂದು ಗೇಣು ಅವರ ಕಡೆಗೆ ಹೊರಟಿತ್ತು.

ಆರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಜಬೀನಾ ಎದ್ದುನಿಂತು, ಪಾಠ ಒಪ್ಪಿಸುವ ಹಾಗೆ ಕೈಕಟ್ಟಿ, ಹೊಸದಾಗಿ ಕಲಿತ ಇಂಗ್ಲಿಷಿನಲ್ಲಿ, "ಪ್ಲೀಸ್ ಅಡ್ಜಸ್ಟ್, ಸರ್!" ಎಂದಳು. ಉಳಿದ ಐವರೂ ಸಾಲಾಗಿ ಎದ್ದರು. ಸರ್ವಮಂಗಳಮ್ಮ ಉಚ್ಚಾರಣೆ ತಿದ್ದಿ ಇನ್ನೊಂದು ಸಲ ಹೇಳಿಸಿದರು.

ಆಣಿ ಡಬ್ಬಗಳು ಉರುಳಿದವು, ಬೀರು ಮುರಿಯಿತು. ಗೋಡೆಗೂ ಗೋಡೆಗೂ ನಡುವೆ ವಿರೂಪಾಕ್ಷಯ್ಯ ರೊಟ್ಟಿಯಂತೆ ಚಪ್ಪಟೆಯಾಗಿ ನಿಂತರು. ಸಂದಿಯಿಂದ ಕಾಣುತ್ತಿದ್ದದ್ದು ಅರ್ಧ ಮೀಸೆ ಮಾತ್ರ. ಯಂತ್ರದ ಸ್ವಿಚ್ಚು ಅವರ ಬೆನ್ನ ಹಿಂದೆಯೇ ಇತ್ತು, ಕೈ ಎಟುಕುತ್ತಿರಲಿಲ್ಲ.

"ಲೇ, ಯಂತ್ರ ಕೆಟ್ಟೋಯ್ತು ಕಣೇ!"

ಸರ್ವಮಂಗಳಮ್ಮ ಕೈಗೆ ಅಂಟಿದ್ದ ಸೀಮೆಸುಣ್ಣ ಕೊಡವಿಕೊಂಡರು.

"ಅದು ಕೆಟ್ಟು ಮೂರು ದಿನ ಆಯ್ತು ರೀ. ನಿಮ್ಮ ಹೊಟ್ಟೆಗೆ ತಗುಲಿದ್ದು ಇವತ್ತು."