ಸವದತ್ತಿಯ ಐಸ್ ಹಾಕಿ ಪಂಡಿತರು

ನಮ್ಮ ಕಾಕಾನ ತಲೆ ಸರಿಯಾಗಿದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಸವದತ್ತಿಯಲ್ಲಿ ಹುಟ್ಟಿ, ಸವದತ್ತಿ–ರಾಮದುರ್ಗ ದಾರಿಯಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಸೋಡಾ ಅಂಗಡಿಯ ಡಬ್ಬಿ ಬಿಟ್ಟರೆ ಬೇರೆಲ್ಲೂ ಮಂಜುಗಡ್ಡೆ ಕಂಡವರಲ್ಲ. ಆದರೆ ಐಸ್ ಹಾಕಿ ಆಟದಲ್ಲಿ ಇಂದಿನವರೆಗೆ ಯಾರು ಸರ್ವಶ್ರೇಷ್ಠ ಎಂದು ತೀರ್ಪು ಕೊಡುವ ಹಕ್ಕು ಜಗತ್ತಿನಲ್ಲಿ ತಮಗೊಬ್ಬರಿಗೇ ಇದೆಯೆಂದು ನಂಬಿದ್ದಾರೆ!

ಈ ಹುಚ್ಚು ಹಿಡಿದದ್ದು ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ. ಕರೆಂಟ್ ಹೋಗಿತ್ತು. ಮೊಬೈಲಿನಲ್ಲಿ ಏನನ್ನೋ ಒತ್ತಲು ಹೋಗಿ ಏನನ್ನೋ ಒತ್ತಿದ್ದಾರೆ, ಬೆಳ್ಳಗಿನ ನೆಲದ ಮೇಲೆ ಹನ್ನೆರಡು ಜನ ಕೋಲು ಹಿಡಿದು ಜಾರುತ್ತ ಬಂದುಬಿಟ್ಟರು. "ಏ, ಇಲ್ಲಿ ಬಾ! ಇದನ್ನ ನೋಡಿದ್ರ ಸೆಕೀನ ಹೋಗ್ತೈತಿ!" ಎಂದು ಹೆಂಡತಿಯನ್ನು, ಅಂದರೆ ನಮ್ಮ ಕಾಕೂವನ್ನು, ಕೂಗಿದರು. ಮೂರನೆಯ ದಿನ ನಾನು ಹೋದಾಗ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಕುಳಿತಿದ್ದರು. ಕಾಕೂ ಅಡುಗೆಮನೆಯಿಂದಲೇ ಅಂದಳು: "ಊರ ಮಂದಿ ಬೀಸಣಿಕಿ ಹಿಡದೈತಿ. ನಿಮ್ಮ ಕಾಕಾಗ ಥಂಡಿ ಹತ್ತೈತಿ!"

ಒಬ್ಬರೇ ಹುಚ್ಚರಾದರೆ ಊರು ಸಹಿಸುತ್ತದೆ. ಕಾಕಾ ತಮ್ಮ ಹಳೆಯ ಕಂಡಕ್ಟರ್ ಸಾಹೇಬರಿಗೂ ಅಂಟಿಸಿದರು. ಮೂವತ್ತು ವರ್ಷ ಒಂದೇ ಬಸ್ಸಿನಲ್ಲಿ ದುಡಿದ ಜೋಡಿ. ಸಾಹೇಬರ ಗಂಟಲು ಎಂಥದ್ದೆಂದರೆ, ಸವದತ್ತಿ ಸ್ಟ್ಯಾಂಡಿನಲ್ಲಿ "ರಾಮದುರ್ಗಾ!" ಎಂದು ಕೂಗಿದರೆ ಆಚೆಯ ಊರಾದ ಮನೋಳಿಯವರು ಚೀಲ ಹಿಡಿದು ಎದ್ದು ನಿಲ್ಲುತ್ತಿದ್ದರಂತೆ.

ಒಂದೊಂದು ಜಾಗಕ್ಕೂ ಇಂದಿನವರೆಗಿನ ಅತಿ ಶ್ರೇಷ್ಠನನ್ನು ಹೆಕ್ಕಿ ಇಬ್ಬರೂ ಆರು ಜನರ ತಂಡ ಕಟ್ಟಲು ಕುಳಿತರು. ಆಟಗಾರರ ಹೆಸರುಗಳು ಇಬ್ಬರ ನಾಲಗೆಗೂ ಹತ್ತುತ್ತಿರಲಿಲ್ಲ. ಹಾಗಂತ ಬಿಡುತ್ತಾರೆಯೇ? ಹೊಸದಾಗಿ ನಾಮಕರಣವಾಯಿತು. ಡಿಫೆನ್ಸಿನ ಇಬ್ಬರು 'ಜೋಡೆತ್ತು'. ಎಡಬದಿಯ ವಿಂಗಿನವನು 'ಎಡಚ', ಬಲಬದಿಯವನು ಮುಂದಿನ ಹಲ್ಲೆಲ್ಲ ಉದುರಿದ 'ಬೊಚ್ಚಬಾಯಿ'. ನಡುವೆ ನುಗ್ಗುವ ಸೆಂಟರ್ 'ಬಿರುಗಾಳಿ'. ಗೋಲಿನ ಮುಂದೆ ಗೋಡೆಯಂತೆ ನಿಲ್ಲುವ ಗೋಲ್‌ಕೀಪರ್ 'ಗ್ವಾಡಿ'. ಎಡಚನನ್ನು ಆರಿಸಲು ಒಂದು ವಾರ ಹಿಡಿಯಿತು. ಜೋಡೆತ್ತಿನ ಜಗಳದಲ್ಲಿ ಎರಡು ದಿನ ಮಾತು ಬಿಟ್ಟಿದ್ದರು.

ಒಂದು ಸಂಜೆ ಸ್ಟ್ಯಾಂಡಿನ ಪಕ್ಕದ ಚಹಾದಂಗಡಿಯಲ್ಲಿ ಕಾಕಾ ಪೇಪರಿನ ಮೇಲೆ ಆರು ಮಿರ್ಚಿ ಭಜಿ ಜೋಡಿಸಿ ಇಡೀ ತಂಡವನ್ನು ಕಣಕ್ಕಿಳಿಸಿದರು. ಎಡಚ ಹೇಗೆ ಬಿಲ್ಲೆ ತಳ್ಳಿ ಕೊಡುತ್ತಾನೆ, ಬಿರುಗಾಳಿ ಹೇಗೆ ತಿರುಗುತ್ತಾನೆ ಎಂದು ವಿವರಿಸುತ್ತ ನೋಡುತ್ತಾರೆ, ಬೊಚ್ಚಬಾಯಿಯೇ ಇಲ್ಲ!

"ಸಾಹೇಬ್ರ, ರೈಟ್ ವಿಂಗ್ ಎಲ್ಲಿ?"

"ತಿಂದೆರಿ. ಆರಿ ಹೊಂಟಿತ್ತು."

"ಆಟದ ನಟ್ಟನಡುವ ಪ್ಲೇಯರನ್ನ ತಿಂತಾರೇನ್ರಿ?"

"ನಿಮ್ಮ ಸೆಂಟರ್ ಅಷ್ಟ ದೊಡ್ಡಾಂವ ಇದ್ರ ಉಳಿಸ್ಕೊಬೇಕಿತ್ತಿಲ್ಲೋ? ನಮ್ಮ ಗ್ವಾಡಿ ನೋಡ್ರಿ, ಜಾಗಾ ಬಿಟ್ಟು ಅಲುಗಿಲ್ಲ!"

ಅಸಲು ವ್ಯಾಜ್ಯವೇ ಇದು. ಆರು ಜಾಗಕ್ಕೆ ಆರು ಜನ ಸಿಕ್ಕರು, ಆರರಲ್ಲಿ ಯಾರು ಎಲ್ಲರಿಗಿಂತ ದೊಡ್ಡವನು? ಬಿರುಗಾಳಿ ಎಂದು ಕಾಕಾ, ಗ್ವಾಡಿ ಎಂದು ಸಾಹೇಬರು. ಎರಡು ವರ್ಷ ಇಬ್ಬರೂ ಒಂದಿಂಚು ಸರಿಯಲಿಲ್ಲ. ಕಿತ್ತೂರಿಗೆ ನನ್ನ ತಂಗಿಗೆ ಗಂಡು ನೋಡಲು ಹೋದಾಗಲೂ ಕಾಕಾ ಸುಮ್ಮನಿರದೆ, "ತಮ್ಮಾ, ಸೆಂಟರ್ ದೊಡ್ಡಾಂವೋ, ಗೋಲ್‌ಕೀಪರ್ ದೊಡ್ಡಾಂವೋ?" ಎಂದು ಕೇಳಿಯೇಬಿಟ್ಟರು. ಪಾಪ, ವರ ಬೆವರೊರೆಸಿಕೊಂಡು, "ಇಬ್ಬರೂ ದೊಡ್ಡಾವ್ರರಿ" ಅಂದ. ಹೊರಗೆ ಬಂದ ಮೇಲೆ ಕಾಕಾ ನನ್ನ ಕಿವಿಯಲ್ಲಿ, "ಹುಡುಗ ಸಂಸಾರಕ್ಕ ಚೊಲೊ ಅದಾನ. ಆಟಕ್ಕ ಉಪಯೋಗಿಲ್ಲ" ಎಂದರು. ಮದುವೆಯಾಯಿತು ಬಿಡಿ.

ಈ ಜಗಳದ ಗುಟ್ಟು ಬಿಡಿಸಿದವಳು ಕಾಕೂ. "ಅಷ್ಟೂ ತಿಳೀವಲ್ದೇನ ನಿನಗ? ಮುಂದ ನುಗ್ಗಾಂವ ಡ್ರೈವರ್. ಬಾಗಲ ಕಾಯಾಂವ ಕಂಡಕ್ಟರ್. ಇಬ್ರೂ ತಮ್ಮನ್ನ ತಾವ ಹೊಗಳ್ಕೊಳ್ಳಾಕ ಹತ್ಯಾರ!"

ಹೋದ ವರ್ಷ ಸಾಹೇಬರ ಆ ಗಂಟಲಿನಲ್ಲೇ ಗಂಟು ಕಾಣಿಸಿಕೊಂಡಿತು. ಬೆಳಗಾವಿಯಲ್ಲಿ ಆಪರೇಷನ್ ಮಾಡಿ ತೆಗೆದರು. ಕೆಟ್ಟ ಗಂಟು ಅಲ್ಲ, ಜೀವಕ್ಕೆ ಭಯವಿಲ್ಲ ಎಂದರು. ಆದರೆ ಧ್ವನಿ ಮರಳುತ್ತದೋ ಇಲ್ಲವೋ ಹೇಳಲಾಗದು, ಹದಿನೈದು ದಿನ ಒಂದಕ್ಷರವೂ ಮಾತಾಡಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

"ಹದಿನೈದು ದಿವ್ಸ ಗೋಲ್ ಖಾಲಿ!" ಎಂದು ಕಾಕಾ ಮೊದಲ ದಿನ ಉತ್ಸಾಹದಿಂದಲೇ ಅವರ ಮನೆಗೆ ನಡೆದರು. ಬಿರುಗಾಳಿಯ ಪರವಾಗಿ ಒಂದು ಗಂಟೆ ವಾದಿಸಿದರಂತೆ. ಎದುರು ಮಾತೇ ಇಲ್ಲ. ಗೆದ್ದು ಬಂದವರು ಊಟ ಅರ್ಧಕ್ಕೇ ಬಿಟ್ಟು ಎದ್ದರು. "ಯಾಕ್ರಿ?" ಎಂದು ಕಾಕೂ ಕೇಳಿದರೆ, "ರುಚಿ ಇಲ್ಲ" ಎಂದರು. ಸಾರಿಗೋ ಗೆಲುವಿಗೋ, ಅವಳೂ ಕೇಳಲಿಲ್ಲ.

ನಾಲ್ಕನೆಯ ದಿನ ನಾನೂ ಜೊತೆಗೆ ಹೋದೆ. ಅಲ್ಲಿ ಕಂಡದ್ದನ್ನು ಏನೆಂದು ಹೇಳಲಿ! ಕಾಕಾ ತಮ್ಮ ವಾದ ಮುಗಿಸಿ, ಕುರ್ಚಿಯಿಂದ ಎದ್ದು ಮಂಚದ ಮೇಲೆ ಸಾಹೇಬರ ಪಕ್ಕಕ್ಕೆ ಹೋಗಿ ಕುಳಿತರು. ಸಾಹೇಬರ ಹಾಗೆಯೇ ಕೈ ಝಾಡಿಸಿ, "ಏನ್ ಮಾತಾಡ್ತೀರಿ? ಗೋಲ್ ಉಳೀಲಿಲ್ಲಂದ್ರ ನಿಮ್ಮ ಬಿರುಗಾಳಿ ತಗೊಂಡ್ ಏನ್ ಮಾಡೋದೈತಿ?" ಎಂದು ಖಾಲಿ ಕುರ್ಚಿಗೆ ಗದರಿದರು. ಮತ್ತೆ ಎದ್ದು ಕುರ್ಚಿಗೆ ಬಂದು ಉತ್ತರ ಕೊಟ್ಟರು. ದಿನಾ ಹೀಗೇ ಮಂಚಕ್ಕೂ ಕುರ್ಚಿಗೂ ಓಡಾಟ. ಸಾಹೇಬರು ಬಾಯಿ ಮುಚ್ಚಿಕೊಂಡು, ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ನಾನೂ ನಕ್ಕೆ.

ಹದಿನಾರನೆಯ ದಿನ ಬೆಳಿಗ್ಗೆ ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು, ನಾನೂ ಹಿಂದೆ ನಡೆದೆ. ಸಾಹೇಬರ ಮನೆಯವರೆಲ್ಲ ಮಂಚದ ಸುತ್ತ ನಿಂತಿದ್ದರು. ಮಾತಾಡಿ ಎನ್ನಲು ಯಾರಿಗೂ ಧೈರ್ಯವಿಲ್ಲ. ಬಾಯಿ ತೆರೆದು ಧ್ವನಿ ಬಾರದೇ ಹೋದರೆ? ಸಾಹೇಬರು ತುಟಿ ಬಿಗಿದುಕೊಂಡೇ ಕುಳಿತಿದ್ದರು.

ಕಾಕಾ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತರು. ತಲೆ ತಗ್ಗಿಸಿದರು. "ಆತ್ರಿ ಸಾಹೇಬ್ರ. ನಾ ಸೋತೆ. ಗ್ವಾಡೀನ ಎಲ್ಲಾರಕಿಂತ ದೊಡ್ಡಾಂವ."

ಸಾಹೇಬರು ಅವರನ್ನೇ ನೋಡಿದರು. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಆಮೇಲೆ ಗರಗಸ ಎಳೆದಂತೆ, ಒಡೆದ, ಆದರೆ ಅವರದೇ ಆದ ಧ್ವನಿ ಬಂತು:

"ತಪ್ಪ ಹೇಳ್ತೀರಿ. ಬಿರುಗಾಳೀನ ದೊಡ್ಡಾಂವ."

ಮನೆಯವರೆಲ್ಲ ಒಮ್ಮೆಲೇ ಕೂಗಿಕೊಂಡರು. ಕಾಕಾ ಮಾತ್ರ ಸಾಹೇಬರ ಕೈ ಹಿಡಿದು ಚಿಕ್ಕ ಮಕ್ಕಳಂತೆ ಅಳುತ್ತಿದ್ದರು. "ಇನ್ನೊಮ್ಮೆ ಅನ್ರಿ" ಎಂದು ಕೇಳಿದರು. ಎರಡು ವರ್ಷದ ವ್ಯಾಜ್ಯ ತಾವೇ ಗೆದ್ದಿದ್ದೇವೆ ಎನ್ನುವುದು ಅವರ ಗಮನಕ್ಕೇ ಬಂದಿರಲಿಲ್ಲ.