ಕರೆಂಟು ಬಿಲ್ಲಿನೊಳಗಿನ ಭಾರ್ಗವಿ

ಹಿಂದೂಪುರದ ಮದುವೆ ಬ್ಯೂರೋದಲ್ಲಿ ಒಂದು ಕಂಪ್ಯೂಟರು ಕೆಟ್ಟು, ಅದರೊಳಗಿದ್ದ ನಲವತ್ತು ಗಂಡುಗಳು ಒಂದೇ ಏಟಿಗೆ ಮಾಯವಾದರು. ಮಾಲೀಕ ಅಶ್ವತ್ಥಪ್ಪನವರಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಕಂಪ್ಯೂಟರ್ ರಿಪೇರಿಯ ವಂಶಿಯನ್ನು ಕರೆಸಿ, ಇನ್ನು ಮೇಲೆ ಎಲ್ಲರ ಫೈಲುಗಳೂ, ಕಲ್ಯಾಣದುರ್ಗದ ಬ್ರಾಂಚಿನವೂ ಸೇರಿ, ಒಂದೇ ಸರ್ವರಿನಲ್ಲಿರಬೇಕು, ಅದಕ್ಕೊಂದು ಬ್ಯಾಕಪ್ಪೂ ಇರಬೇಕು ಎಂದರು.

ಗುಮಾಸ್ತ ಜಯಚಂದ್ರನ ಕೈಯಲ್ಲಿದ್ದ ಟೀ ಹಾಗೇ ಆರಿಹೋಯಿತು. ಮೂವತ್ತೆಂಟರ ಈ ಬ್ರಹ್ಮಚಾರಿಯ ಕಂಪ್ಯೂಟರಿನಲ್ಲಿ ‘ಕರೆಂಟು ಬಿಲ್ಲು’ ಎಂಬ ಫೋಲ್ಡರಿತ್ತು. ಒಳಗಿದ್ದದ್ದು ಬಿಲ್ಲಲ್ಲ, ಚಿಲಮತ್ತೂರಿನ ಭಾರ್ಗವಿಯ ಫೋಟೋ ಮತ್ತು ಜಾತಕ. ಎಂಟು ತಿಂಗಳ ಹಿಂದೆ ತಾಯಿಯ ಜೊತೆ ವಿವರ ಬರೆಸಲು ಬಂದಿದ್ದವಳು, ಅವನು ಎತ್ತರದ ಜಾಗದಲ್ಲಿ ವಯಸ್ಸು ಟೈಪು ಮಾಡಿದ್ದನ್ನು ಕಂಡು ನಕ್ಕಿದ್ದಳು. ಧೈರ್ಯ ಬಂದ ದಿನ ತಾನೇ ಕೇಳೋಣವೆಂದು ಅವಳ ವಿವರವನ್ನು ಯಾವ ಗಂಡಿಗೂ ಕಳಿಸಿರಲಿಲ್ಲ. ಧೈರ್ಯವೋ, ಪ್ಯಾಸೆಂಜರ್ ರೈಲಿನಂತೆ ನಿಂತು ನಿಂತು ಬರುತ್ತಿತ್ತು. ತಿಂಗಳಿಗೊಮ್ಮೆ ಅವಳ ತಾಯಿ ಫೋನು ಮಾಡಿದರೆ, ನೋಡುತ್ತಿದ್ದೇನೆ ಎನ್ನುತ್ತಿದ್ದ. ಸುಳ್ಳಲ್ಲ, ದಿನವೂ ನೋಡುತ್ತಿದ್ದ.

ವಂಶಿ ತಿಂಡಿಗೆ ಹೋದಾಗ ಜಯಚಂದ್ರ ಕಣ್ಣು ಮುಚ್ಚಿಕೊಂಡು ಫೋಲ್ಡರನ್ನು ಅಳಿಸಿದ. ವಂಶಿ ಬಂದವನೇ, ಸಾರ್ ಏನೋ ಕೈತಪ್ಪಿ ಅಳಿಸಿದ್ದಾರೆಂದು ಬ್ಯಾಕಪ್ಪಿನಿಂದ ಅದನ್ನು ವಾಪಸು ತಂದ. ಜಯಚಂದ್ರ ಅದನ್ನು ಬೇರೆಡೆ ಬಚ್ಚಿಟ್ಟರೆ, ಸರ್ವರು ಫೋಟೋಗಳನ್ನೆಲ್ಲ ಫೋಲ್ಡರಿನ ಹೆಸರಿನ ಸಮೇತ ಒಂದೇ ಪಟ್ಟಿಗೆ ಎಳೆದುಕೊಂಡಿತು. ಹನ್ನೊಂದು ಗಂಟೆಗೆ ಭಾರ್ಗವಿ ಆಫೀಸಿನ ಎಲ್ಲ ಪರದೆಗಳಲ್ಲೂ ನಗುತ್ತಿದ್ದಳು.

“ಇಂಥ ಹುಡ್ಗಿ ಕರೆಂಟು ಬಿಲ್ಲೊಳ್ಗೆ ಯಾಕವ್ಳಪ್ಪ?” ಎಂದರು ಅಶ್ವತ್ಥಪ್ಪ. ಅವರು ಆಗಲೇ ಪೆನುಕೊಂಡದ ಕಾರು ಕಾರ್ಖಾನೆಯ ಹುಡುಗನೊಬ್ಬನಿಗೆ ವಿವರ ಕಳಿಸಿದರು. ಮಧ್ಯಾಹ್ನದೊಳಗೆ ಎರಡು ಮನೆಯವರೂ ಒಪ್ಪಿ, ಭಾನುವಾರ ಹೆಣ್ಣು ನೋಡುವ ಮಾತಾಯಿತು. ಭಾರ್ಗವಿಯ ತಾಯಿ ಜಯಚಂದ್ರನನ್ನೇ ಕೇಳಿ ಫೋನಿಗೆ ಕರೆಸಿಕೊಂಡರು.

“ಎಂಟು ತಿಂಗ್ಳು ನೋಡಿ ನೋಡಿ ಒಳ್ಳೇದನ್ನೇ ತೆಗ್ದಿದ್ದೀಯ ಕಣಪ್ಪ. ಮದ್ವೆಗೆ ನೀನು ಬರ್ಲೇಬೇಕು.”

ಅವನು ಮುಖ ತೊಳೆಯಲು ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ನೋಡಿಯೇ ಅಶ್ವತ್ಥಪ್ಪನವರಿಗೆ ಎಲ್ಲ ತಿಳಿಯಿತು. ಬೈಯಲಿಲ್ಲ.

“ಮುಂಚೇನೇ ಒಂದ್ಮಾತು ಹೇಳ್ಬಾರ್ದಾಗಿತ್ತಾ? ಪೋನೀಲೇ, ಹೋಗ್ಲಿ ಬಿಡು. ನಿನ್ ಜಾತ್ಕ ತೆಗಿ, ಇವತ್ತೇ ಒಂದು ನೋಡಾನ.”

ಅವನ ಜಾತಕವನ್ನು ಆರು ವರ್ಷದ ಹಿಂದೆ, ಕಲ್ಯಾಣದುರ್ಗದ ಬ್ರಾಂಚಿನಲ್ಲಿದ್ದಾಗ, ಅಲ್ಲಿನ ಟೈಪಿಸ್ಟ್ ಶೋಭಾರಾಣಿಯ ಕೈಗೆ ಕೊಟ್ಟಿದ್ದ. ಒಂದೂ ಸಂಬಂಧ ಬರಲಿಲ್ಲ. ತನ್ನ ಮೂಗೇ ಕಾರಣವೆಂದುಕೊಂಡು ಸುಮ್ಮನಾಗಿದ್ದ. ವಂಶಿ ಸರ್ವರಿನಲ್ಲಿ ಅವನ ಹೆಸರು ಹುಡುಕಿದ. ಸಿಕ್ಕಿದ್ದು ಒಂದೇ ಕಡೆ: ಶೋಭಾರಾಣಿಯ ಕಂಪ್ಯೂಟರಿನಿಂದ ಬಂದ ‘ಹಳೇ ರಸೀದಿ’ ಫೋಲ್ಡರಿನಲ್ಲಿ. ಯಾರಿಗೂ ಕಳಿಸಿರಲಿಲ್ಲ.

ಅಶ್ವತ್ಥಪ್ಪ ಕಲ್ಯಾಣದುರ್ಗಕ್ಕೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. ಜಯಚಂದ್ರನ ಜಾತಕ ರಸೀದಿಯೊಳಗೆ ಯಾಕಿದೆ ಎಂದು ಕೇಳಿದರು.

“ನಾನೇ ಎತ್ತಿಟ್ಕಂಡಿದ್ದೆ ಸಾರ್,” ಎಂದಳು ಶೋಭಾರಾಣಿ. “ಅವ್ರೇ ಒಂದಿನ ಕೇಳ್ತಾರೇನೋ ಅಂತ ಕಾಯ್ತಿದ್ದೆ. ಹೋದ ತಿಂಗ್ಳು ನಮ್ಮಪ್ಪ ನನ್ ಜಾತ್ಕಾನೂ ಹಿಂದೂಪುರದ ಆಫೀಸ್ಗೇ ಕೊಟ್ಬುಟ್ರು. ಹೆಸ್ರಿಲ್ದೆ, ಬರೀ ನಂಬ್ರಾಕಿ. ಮೊನ್ನೆ ತಾಂಬೂಲ ಬದ್ಲಾಯ್ಸಿ ಮದ್ವೆ ಗಟ್ಟಿಯಾಯ್ತು. ನಿಮ್ಗೆ ಹೇಳಾನ ಅಂತಿದ್ದೆ.”

ಜಯಚಂದ್ರ ಫೋನಿನ ಹತ್ತಿರ ಬಗ್ಗಿದ. “ಯಾವೂರ ಗಂಡು?”

“ಸೋಮಂದೇಪಲ್ಲಿ. ನೀವೇ ಅಲ್ವಾ ಹುಡ್ಕಿ ಕಳ್ಸಿದ್ದು. ಇಷ್ಟು ಚೆನ್ನಾಗಿ ಕೂಡೋ ಜಾತ್ಕ ಸಿಗಾಕಿಲ್ಲ, ಬಿಡಬ್ಯಾಡಿ ಅಂತ ಕೆಳ್ಗೆ ಬರ್ದಿದ್ರಿ.”